ಅಪ್ಪ ಹೋದಾಗ ತಮ್ಮ ಅಳಲೇ ಇಲ್ಲ

ಪ್ರಶ್ನೆ: ನಾವು ವಿಜಯಪುರದ ಕಡೆಯವರು. ಅಪ್ಪನ ಕೆಲಸದಿಂದಾಗಿ ಪುಣೆಯ ಚಿಂಚವಾಡದಲ್ಲೇ ಬೆಳೆದೆವು. ತಮ್ಮನಿಗೆ 29 ವರ್ಷ, ಆರು ವರ್ಷದಿಂದ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಕಳೆದ ವರ್ಷ ಅಪ್ಪ ತೀರಿಕೊಂಡಾಗ ಅವನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಕಾಕಾನ ಮಗಳಿಗೆ ಬೈಪೋಲಾರ್, ಅಂದರೆ ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ ಇದೆ, ಅವಳು ನೆಲಕ್ಕೆ ಬಿದ್ದು ಅತ್ತಳು. ಈಗ ವರ್ಷದ ತಿಥಿ ಹತ್ತಿರ ಬಂದಿದೆ. "ಕರುಳಿಲ್ಲದವನ ಕೈಲೆ ಎಳ್ಳುನೀರು ಬಿಡಿಸೋದ್ಯಾಕ? ನನ್ನ ಮಗ ಮಾಡ್ತಾನ" ಅನ್ನುತ್ತಾರೆ ಕಾಕಾ. ಮೊನ್ನೆ ನಾನೂ ಸಿಟ್ಟಿನಲ್ಲಿ "ಅಪ್ಪ ಹೋದದ್ದು ನಿನಗೆ ಏನೂ ಅನ್ನಿಸಲೇ ಇಲ್ವಾ" ಅಂದುಬಿಟ್ಟೆ. ನಾಲ್ಕು ದಿನದಿಂದ ಅವನು ನಮ್ಮ ಜೊತೆ ಊಟಕ್ಕೆ ಕೂರುತ್ತಿಲ್ಲ. ಅವನಿಗೆ ನಿಜವಾಗಿ ಏನಾದರೂ ಅನ್ನಿಸುತ್ತದಾ? ತಿಥಿ ಯಾರು ಮಾಡಬೇಕು?

ಉತ್ತರ: ಅನ್ನಿಸುತ್ತದೆ. ಏನೂ ಅನ್ನಿಸದವನು ನಿಮ್ಮ ಒಂದು ಮಾತಿಗೆ ನಾಲ್ಕು ದಿನ ನಿಮ್ಮ ಪಕ್ಕದ ತಟ್ಟೆ ಬಿಟ್ಟು ಹೋಗುತ್ತಿರಲಿಲ್ಲ, ಅಲ್ವಾ?

ನಾವೆಲ್ಲ ಮುಖ ನೋಡಿ ಮನಸ್ಸು ಅಳೆಯುತ್ತೇವೆ. ಸ್ಕಿಜೋಫ್ರೇನಿಯಾ ಇರುವ ಬಹಳ ಜನರ ವಿಷಯದಲ್ಲಿ ಈ ಅಳತೆ ಕೆಲಸ ಮಾಡುವುದಿಲ್ಲ. ಆ್ಯನ್ ಕ್ರಿಂಗ್ ಮತ್ತು ಜಾನ್ ನೀಲ್ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಈ ಕಾಯಿಲೆ ಇರುವವರಿಗೂ ಇಲ್ಲದವರಿಗೂ ಸಿನಿಮಾದ ತುಣುಕುಗಳನ್ನು ತೋರಿಸಿ ಮುಖ ಗಮನಿಸಿದರು, ಏನನ್ನಿಸಿತು ಅಂತ ಕೇಳಿದರು, ಜೊತೆಗೆ ಭಾವನೆ ಏರಿದಾಗ ಬೆವರಿನಿಂದ ಚರ್ಮದಲ್ಲಿ ಆಗುವ ಬದಲಾವಣೆಯನ್ನೂ ಅಳೆದರು. ಕಾಯಿಲೆ ಇದ್ದವರ ಮುಖ ಕಡಿಮೆ ಅಲುಗಿತು. ಆದರೆ ಅವರು ಹೇಳಿಕೊಂಡ ಭಾವನೆ ಉಳಿದವರಷ್ಟೇ ಇತ್ತು, ಚರ್ಮದ ಅಳತೆಯಲ್ಲಂತೂ ಅವರದೇ ಜಾಸ್ತಿ. ನನಗೆ ಇದನ್ನು ಮೊದಲ ಸಲ ಓದಿದಾಗ ಹೊಟ್ಟೆ ತೊಳಸಿದ ಹಾಗಾಯಿತು. ಇಂಥ ಎಷ್ಟು ಜನರನ್ನು ನಾವು ಸುಮ್ನೆ ಕಲ್ಲು ಅಂದಿದ್ದೇವೋ!

ಮುಖ ಬಿಗಿಯಾಗುವುದಕ್ಕೆ ಕೆಲವು ಮಾತ್ರೆಗಳೂ ಕಾರಣ ಆಗಬಹುದು, ಜೊತೆಗೆ ಖಿನ್ನತೆ ಇದ್ದರೂ ಆಗಬಹುದು. ಅದನ್ನು ಡಾಕ್ಟರಿಗೆ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಇನ್ನೊಂದು ಮಾತು, ಇದು ನಿಮಗೆ ದಿನಾ ಬೇಕಾಗುವಂಥದ್ದು. ಅವನ ಮುಖ ನಿಮಗೆ ಅರ್ಥವಾಗದ ಹಾಗೆಯೇ ನಿಮ್ಮ ಮುಖ ಅವನಿಗೆ ತಪ್ಪಾಗಿ ಕಾಣಬಹುದು. ಈ ಕಾಯಿಲೆಯಲ್ಲಿ ಬೇರೆಯವರ ಮುಖದ ಭಾವ ಗುರುತಿಸುವುದು ಕಷ್ಟವಾಗುತ್ತದೆ, ಸುಮ್ಮನಿರುವ ಮುಖವೂ ಸಿಟ್ಟಿನ ಮುಖದಂತೆ ಕಾಣುವುದುಂಟು. ನೀವು ಕೆಲಸ ಮುಗಿಸಿ ಬಸ್ಸಿನಲ್ಲಿ ನಿಂತುಕೊಂಡು ಬಂದು, ಸುಸ್ತಾಗಿ ಮಾತಿಲ್ಲದೆ ಚಪ್ಪಲಿ ಬಿಟ್ಟರೆ, ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದಾಳೆ ಅಂತ ಅವನು ಒಳಗೇ ಅಂದುಕೊಂಡಿರಬಹುದು. ಅದಕ್ಕೇ ಬಾಯಿಬಿಟ್ಟು ಹೇಳಿ. "ಸುಸ್ತಾಗಿದೆ, ನಿನ್ನ ಮೇಲೆ ಸಿಟ್ಟಿಲ್ಲ" ಅಂದರೆ ಸಾಕು.

ಕಾಕಾನ ಮಗಳ ಬಗ್ಗೆಯೂ ಹೇಳಬೇಕು. ಇವತ್ತು ಅವಳ ಅಳುವನ್ನು ಹೊಗಳುವವರೇ ನಾಳೆ "ನಾಟಕ ಮಾಡ್ತಾಳ" ಅನ್ನುತ್ತಾರೆ. ಬೈಪೋಲಾರ್ ಇರುವವರಲ್ಲಿ ಭಾವನೆ ಜೋರಾಗಿ ಏರಬಹುದು, ಇಳಿಯುವುದಕ್ಕೆ ಹೊತ್ತು ಬೇಕಾಗಬಹುದು, ಕಾಯಿಲೆ ಹತೋಟಿಯಲ್ಲಿರುವ ದಿನಗಳಲ್ಲೂ ಹಾಗಾಗುವುದುಂಟು. ಇಬ್ಬರೂ ಕಳೆದುಕೊಂಡದ್ದು ಅದೇ ಮನುಷ್ಯನನ್ನು. ಅವಳ ಕಣ್ಣೀರನ್ನು ತಕ್ಕಡಿಗೆ ಹಾಕಿ ತಮ್ಮನನ್ನು ತೂಗಬೇಡಿ. ತಿಥಿಯ ಗದ್ದಲದಲ್ಲಿ ಅವಳ ನಿದ್ದೆ ಕೆಡದಂತೆ ನೋಡಿಕೊಳ್ಳಲು ಅವಳ ತಾಯಿ ಕಾಕುಗೆ ಹೇಳಿ, ಯಾಕೆಂದರೆ ನಿದ್ದೆಗೆಟ್ಟರೆ ಉನ್ಮಾದ, ಅಂದರೆ ಮನಸ್ಸು ಮಿತಿಮೀರಿ ಏರುವ ಸ್ಥಿತಿ, ಶುರುವಾಗಬಹುದು.

ಈಗ ನಾಲ್ಕು ದಿನದ ವಿಷಯ. ಅವನು ಒಬ್ಬನೇ ಆದರೂ ಊಟ ಮಾಡುತ್ತಿದ್ದಾನಾ? ರಾತ್ರಿ ಮಲಗುತ್ತಿದ್ದಾನಾ? ಮಾತ್ರೆ ನುಂಗುತ್ತಿದ್ದಾನಾ? ಒಬ್ಬನೇ ಮಾತಾಡುವುದು, ಅನುಮಾನ, ಕಿವಿಯಲ್ಲಿ ದನಿ ಮತ್ತೆ ಶುರುವಾಗಿದೆಯಾ? ಬದಲಾವಣೆ ಕಂಡರೆ ತಿಥಿ ಮುಗಿಯಲಿ ಅಂತ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಪುಣೆಯಲ್ಲೇ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಇದೆ. ಅಲ್ಲಿ ಕಾಯಿಲೆ ಇರುವವರನ್ನು ಶುಭಾರ್ಥಿ, ನಿಮ್ಮಂಥ ಮನೆಯವರನ್ನು ಶುಭಂಕರ ಅಂತ ಕರೆಯುತ್ತಾರೆ. ನಿಮಗೂ ಮನಸ್ಸು ಹಗುರ ಮಾಡಿಕೊಳ್ಳಲು ಒಂದು ಜಾಗ ಬೇಕು.

ಕ್ಷಮೆ ಕೇಳಿ, ಆದರೆ ಚಿಕ್ಕದಾಗಿ. "ನಾನು ಅಂದದ್ದು ತಪ್ಪಾಯ್ತು. ನಿನಗೂ ಅಪ್ಪನ ನೆನಪಾಗುತ್ತೆ ಅಂತ ಗೊತ್ತು." ಅಷ್ಟು ಹೇಳಿ ಅವನ ಮುಖದಲ್ಲಿ ಉತ್ತರ ಹುಡುಕಬೇಡಿ, ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಎದ್ದು ಬನ್ನಿ. ಮನೆಯಲ್ಲಿ ಕೊಂಕು ಮತ್ತು ಬೈಗುಳ ಜಾಸ್ತಿಯಾದಷ್ಟೂ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚುತ್ತದೆ. ಎಷ್ಟೋ ವರ್ಷಗಳಿಂದ ಹಲವು ದೇಶಗಳ ಅಧ್ಯಯನಗಳಲ್ಲಿ ಇದು ಕಂಡಿದೆ. ಹಾಗಂತ ನಿಮ್ಮ ಒಂದು ಮಾತಿನಿಂದಲೇ ಎಲ್ಲ ಕೆಟ್ಟಿತು ಅಂತ ಕೊರಗಬೇಡಿ. ನೀವೂ ಅಪ್ಪನನ್ನು ಕಳೆದುಕೊಂಡವರು.

ತಿಥಿ ಯಾರು ಮಾಡಬೇಕು ಅನ್ನುವುದನ್ನು ಅವನನ್ನೇ ಕೇಳಿ. ಇಷ್ಟು ದಿನ ಯಾರೂ ಕೇಳಿಲ್ಲ ಅಂತ ನಿಮ್ಮ ಪತ್ರ ನೋಡಿದರೆ ಅನ್ನಿಸುತ್ತದೆ. ಮಾಡುತ್ತೇನೆ ಅಂದರೆ ಭಟ್ಟರಿಗೆ ಮೊದಲೇ ಹೇಳಿ ವಿಧಿ ಚಿಕ್ಕದು ಮಾಡಿಸಿ, ನಡುವೆ ಎದ್ದು ಹೋಗಲು ಒಂದು ಕೋಣೆ ಖಾಲಿ ಇಡಿ. ಬೇಡ ಅಂದರೆ ಕಾಕಾನ ಮಗ ಮಾಡಲಿ, ಅದನ್ನು ಕರುಳಿನ ಲೆಕ್ಕಕ್ಕೆ ಹಚ್ಚಬೇಡಿ. ಇನ್ನೂ ಗೊತ್ತಿಲ್ಲ ಅಂದರೆ ಎರಡು ದಿನ ಬಿಟ್ಟು ಮತ್ತೆ ಕೇಳಿ. ಅವನು ಏನು ಹೇಳುತ್ತಾನೋ ಅದನ್ನು ಕಾಕಾಗೆ ಫೋನಿನಲ್ಲೇ ತಿಳಿಸಿ, ಆ ದಿನ ಎಲ್ಲರ ಎದುರು ಆ ಮಾತು ಎತ್ತುವುದು ಬೇಡ ಅನ್ನಿ. ಆದರೆ ಅದಕ್ಕೂ ಮೊದಲು, ಇವತ್ತು ರಾತ್ರಿ ಊಟಕ್ಕೆ ಬಡಿಸುವಾಗ, ಅವನ ಕೋಣೆಯ ಬಾಗಿಲು ತಟ್ಟಿ.