ಸತ್ಯವೇ ಇಲ್ಲ ಅಂದದ್ದು ಯಾರು?

ಆಧುನಿಕೋತ್ತರವಾದ ಸತ್ಯವನ್ನೇ ಅಲ್ಲಗಳೆದರೆ ಅದನ್ನು ಒಪ್ಪಿದವರಿಗೆ ಧರ್ಮ ಹೇಗೆ ದಕ್ಕುತ್ತದೆ ಅಂತ ಕೇಳಿದ್ದೀರಿ. ಆಧುನಿಕೋತ್ತರ ಚಿಂತನೆಗೆ ಹೆಸರಾದ ಫ್ರೆಂಚ್ ತತ್ವಜ್ಞಾನಿ ಲಿಯೋತಾರ್ 1979ರಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವ ಮಹಾಕಥನಗಳ ಮೇಲೆ ನಂಬಿಕೆ ಹೋಗಿದೆ ಎಂದರು, ಅಷ್ಟೇ. ಆ ಏಟು ಧರ್ಮಕ್ಕಷ್ಟೇ ಅಲ್ಲ, ಪ್ರಗತಿ, ವಿಮೋಚನೆಯ ಕಥೆಗಳಿಗೂ ಬಿತ್ತು. ಇದನ್ನು ನಮ್ಮಲ್ಲಿ ಯಾಕೋ ಮರೆತುಬಿಡುತ್ತಾರೆ.

ಇಟಲಿಯ ತತ್ವಜ್ಞಾನಿ ಜಾನಿ ವಾತ್ತಿಮೋ ಅವರನ್ನು ನೋಡಿ. ಜರ್ಮನ್ ತತ್ವಜ್ಞಾನಿಗಳಾದ ನೀಚೆ, ಹೈಡೆಗರ್ ಇಬ್ಬರನ್ನೂ ಅರೆದು ಕುಡಿದವರು, ಅದೇ ದಾರಿಯಲ್ಲಿ ಕ್ರೈಸ್ತ ನಂಬಿಕೆಗೆ ವಾಪಸ್ ಬಂದರು. ದೇವರು ತನ್ನ ಹಿರಿಮೆಯನ್ನು ಬರಿದುಮಾಡಿಕೊಂಡು ಮನುಷ್ಯನಾದ ಎಂಬ ಕೆನೋಸಿಸ್ ಕಲ್ಪನೆಯಲ್ಲೇ ತಮ್ಮ 'ದುರ್ಬಲ ಚಿಂತನೆ'ಯ, ಅಂದರೆ ಅಂತಿಮ ಸತ್ಯ ತನ್ನ ಕೈಲಿದೆ ಎನ್ನದ ಚಿಂತನೆಯ, ಬೇರು ಕಂಡರು. 1996ರ ಅವರ ಪುಸ್ತಕದ ಹೆಸರಿನ ಅರ್ಥವೇ 'ನಂಬುತ್ತೇನೆಂದು ನಂಬುವುದು'. ಆದರೆ ಇಷ್ಟು ಸಡಿಲಿಸಿದ ಸತ್ಯ ಪ್ರಾರ್ಥನೆಗೆ ಕೂತವರಿಗೆ ಸಾಕೇ ಅನ್ನುವ ತಕರಾರು ನನ್ನದೂ ಇದೆ.