ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್ ಸಾಕಾ, ಹಳೆಯದೂ ನೋಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು. ಫುಲ್‌ಮೆಟಲ್ ಆಲ್ಕೆಮಿಸ್ಟ್ ಅನ್ನೋ ಜಪಾನಿ ಅನಿಮೆ (ಕಾರ್ಟೂನ್ ಸರಣಿ) 2003ರಲ್ಲಿ ಒಮ್ಮೆ, 2009ರಲ್ಲಿ ಬ್ರದರ್‌ಹುಡ್ ಅನ್ನೋ ಹೆಸರಲ್ಲಿ ಇನ್ನೊಮ್ಮೆ ಬಂತು. ಬ್ರದರ್‌ಹುಡ್‌ನ 5 ಎಪಿಸೋಡ್ ನೋಡಿದ್ದೀರಿ. ಎಲ್ಲರೂ ಅತ್ತೆವು ಅನ್ನುವ ನೀನಾ ಕಥೆ ನಿಮಗೆ ಅಷ್ಟೇನೂ ತಟ್ಟಲಿಲ್ಲ. 2003ರ ಹಳೇ ಸರಣಿ ನೋಡಬೇಕಾ, ನೋಡಿದರೆ ಜಪಾನಿಯಲ್ಲೋ ಇಂಗ್ಲಿಷ್ ಡಬ್‌ನಲ್ಲೋ ಅಂತ ಕೇಳಿದ್ದೀರಿ.

ತಟ್ಟದಿದ್ದರೆ ತಪ್ಪು ನಿಮ್ಮದಲ್ಲ, ಬ್ರದರ್‌ಹುಡ್‌ದು. ಹಳೆಯದು ನೋಡಿ.

ನೀನಾ ಕಥೆಯನ್ನೇ ತಗೊಳ್ಳಿ. ಬ್ರದರ್‌ಹುಡ್‌ನಲ್ಲಿ ಅದಕ್ಕೆ ಸಿಕ್ಕಿದ್ದು 4ನೇ ಎಪಿಸೋಡ್ ಒಂದೇ. ಕಥೆಯ ನಾಯಕ ಎಡ್ ಅಷ್ಟು ಹೊತ್ತಿಗೆ ಸರ್ಕಾರಿ ಆಲ್ಕೆಮಿಸ್ಟ್ (ಒಂದು ವಸ್ತುವನ್ನು ಇನ್ನೊಂದಾಗಿಸುವ ವಿದ್ಯೆ ಬಲ್ಲವ) ಆಗಿದ್ದಾನೆ. ಟಕರ್ ಮನೆಗೆ ಪುಸ್ತಕ ನೋಡಲು ಹೋಗುತ್ತಾನೆ, ಅವನ ಮಗಳ ಜೊತೆ ಒಂದಿಷ್ಟು ಆಡುತ್ತಾನೆ, ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಹಳೆಯದರಲ್ಲಿ ಇದೇ ಕಥೆ 6 ಮತ್ತು 7ನೇ ಎಪಿಸೋಡ್‌ಗಳಲ್ಲಿ ಬರುತ್ತದೆ. ಅಲ್ಲಿ ಎಡ್ ಇನ್ನೂ ಪರೀಕ್ಷೆಗೆ ಓದುತ್ತಿರುವ ಹುಡುಗ. ಅಣ್ಣತಮ್ಮ ಇಬ್ಬರೂ ಟಕರ್ ಮನೆಯಲ್ಲೇ ಉಳಿದುಕೊಂಡು ಓದುತ್ತಾರೆ. ಎಡ್‌ಗೆ 12 ತುಂಬುತ್ತದೆ, ಅದೇ ದಿನ ಸೇನಾಧಿಕಾರಿ ಹ್ಯೂಸ್ ಮನೆಯಲ್ಲಿ ಮಗು ಹುಟ್ಟುತ್ತದೆ. ನೀನಾ ನಮಗೂ ಮನೆ ಹುಡುಗಿಯ ಹಾಗೆ ಆಗಿಬಿಟ್ಟಿರುತ್ತಾಳೆ. ಆಮೇಲೆ ಅವಳ ಅಪ್ಪ ಟಕರ್ ಅವಳನ್ನೇ ನಾಯಿಯ ಜೊತೆ ಬೆಸೆದು ಮಾತಾಡುವ ಪ್ರಾಣಿ ಮಾಡಿದ ಅನ್ನೋದು ಗೊತ್ತಾಗುತ್ತದೆ. ಉಪ್ಪು ತಿಂದ ಮನೆಯಲ್ಲೇ ಹೀಗಾದರೆ ಹೇಗಿರುತ್ತೆ ಹೇಳಿ.

ಹಾಗಂತ ಬ್ರದರ್‌ಹುಡ್‌ ಆ ದೃಶ್ಯವನ್ನು ಕೆಟ್ಟದಾಗಿ ಮಾಡಿಲ್ಲ. ಎಡ್ ತಣ್ಣಗೆ ಎರಡು ಪ್ರಶ್ನೆ ಕೇಳುತ್ತಾನಲ್ಲ, ಲೈಸೆನ್ಸ್ ಸಿಕ್ಕಿದ್ದು ಯಾವಾಗ, ಹೆಂಡತಿ ಹೋಗಿದ್ದು ಯಾವಾಗ ಅಂತ? ಎರಡಕ್ಕೂ ಒಂದೇ ಉತ್ತರ, ಎರಡು ವರ್ಷದ ಹಿಂದೆ. ಅಂದರೆ ಲೈಸೆನ್ಸ್‌ಗಾಗಿ ಹೆಂಡತಿಗೂ ಹೀಗೇ ಮಾಡಿದ್ದ. ಅಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಅದು ಲೆಕ್ಕ ತಾಳೆಯಾದಾಗ ಆಗುವ ಗಾಬರಿ. ಹಳೆಯದರಲ್ಲಿ ಆಗುವುದು ಸಂಕಟ.

ಈ ಅವಸರಕ್ಕೆ ಕಾರಣವಿದೆ. ಬ್ರದರ್‌ಹುಡ್ ಅನ್ನು ಹಳೆಯದರ ರೀಮೇಕ್ ಅನ್ನುವುದೇ ಪೂರ್ತಿ ಸರಿಯಲ್ಲ. ಎರಡಕ್ಕೂ ಮೂಲ ಹಿರೊಮು ಅರಕಾವಾ ಅವರ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್. 2001ರಲ್ಲಿ ಶುರುವಾಗಿ 2010ರಲ್ಲಿ ಮುಗಿಯಿತು, ಒಟ್ಟು 27 ಸಂಪುಟ. ಬೋನ್ಸ್ ಸ್ಟುಡಿಯೋ 2003ರಲ್ಲಿ ಮೊದಲ ಸರಣಿ ಶುರು ಮಾಡಿದಾಗ ಮಾಂಗಾ ಅರ್ಧಕ್ಕೂ ಬಂದಿರಲಿಲ್ಲ. ನಿಮ್ಮದು ಬೇರೆ ಅಂತ್ಯ ಇರಲಿ ಅಂತ ಅರಕಾವಾ ಅವರೇ ಹೇಳಿದ್ದರು. ನಿರ್ದೇಶಕ ಸೇಜಿ ಮಿಜುಶಿಮಾ ತಂಡ 51 ಎಪಿಸೋಡ್‌ಗೆ ತನ್ನದೇ ದಾರಿ ಹಿಡಿಯಿತು. 2009ರಲ್ಲಿ ಅದೇ ಬೋನ್ಸ್, ಈ ಸಲ ಯಸುಹಿರೊ ಇರಿಯೆ ನಿರ್ದೇಶನದಲ್ಲಿ, ಮಾಂಗಾವನ್ನೇ ಹಿಡಿದು 64 ಎಪಿಸೋಡ್ ಮಾಡಿತು. ಮಾಂಗಾದ ಕೊನೆಯ ಅಧ್ಯಾಯ ಬಂದು ತಿಂಗಳಾಗುವ ಮೊದಲೇ ಸರಣಿಯ ಕೊನೆಯ ಎಪಿಸೋಡೂ ಬಂತು. ಮೊದಮೊದಲ ಕಥೆ ಜನ ಆಗಲೇ ನೋಡಿದ್ದಾರೆ ಅನ್ನೋ ಧೈರ್ಯ ಅದರ ಓಟದಲ್ಲೇ ಕಾಣುತ್ತದೆ. ಯೂಸ್‌ವೆಲ್ ಗಣಿಯ ಕಥೆಗೆ ಹಳೆಯದರಲ್ಲಿ ಇಡೀ ಒಂದು ಎಪಿಸೋಡ್ ಇದೆ. ಹೊಸದರಲ್ಲಿ ತುಂಬಾ ಆಮೇಲೆ ಆ ಗಣಿಯ ಅಧಿಕಾರಿಯಾಗಿದ್ದ ಯೋಕಿ ತನ್ನ ಗೋಳು ಹೇಳಿಕೊಳ್ಳುವಾಗ ಸರ್ರನೆ ಬಂದು ಹೋಗುತ್ತದೆ.

ಹಳೆಯದೂ ಕೊನೆಯವರೆಗೆ ಚೆನ್ನಾಗಿಯೇ ಇದೆ ಅಂತ ಹೇಳಲಾರೆ. 40ನೇ ಎಪಿಸೋಡ್ ದಾಟಿದ ಮೇಲೆ ಗಂಟು ಜಾಸ್ತಿ ಆಗುತ್ತದೆ, ಬಿಡಿಸುವ ಹೊತ್ತಿಗೆ ಕೈ ತಡವರಿಸುತ್ತದೆ. ಕಥೆ ಕಟ್ಟುವುದರಲ್ಲಿ ಬ್ರದರ್‌ಹುಡ್ ಎಷ್ಟೋ ಮುಂದೆ. ಲಿಂಗ್, ಮೇ, ಬ್ರಿಗ್ಸ್ ಕೋಟೆಯ ಒಲಿವಿಯರ್ ಇವರ್ಯಾರೂ ಹಳೆಯದರಲ್ಲಿ ಇಲ್ಲವೇ ಇಲ್ಲ. ಪರುಷಮಣಿಯ ಗುಟ್ಟು, ಹೊಮುಂಕ್ಯುಲಸ್‌ಗಳು (ಆಲ್ಕೆಮಿಯಿಂದ ಹುಟ್ಟಿದ ಕೃತಕ ಮನುಷ್ಯರು) ಹುಟ್ಟುವ ಬಗೆ ಕೂಡ ಬೇರೆ. ಹಾಗಾಗಿ ಒಂದನ್ನು ನೋಡಿದರೆ ಇನ್ನೊಂದರ ಕೊನೆ ಗೊತ್ತಾಗಿಬಿಡುತ್ತದೆ ಅನ್ನೋ ಭಯ ಬೇಡ.

ಇನ್ನು ಭಾಷೆ. ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ನ ಹಾರ್ಡ್ ಡಿಸ್ಕ್‌ನಲ್ಲಿ ನನಗೆ ಮೊದಲು ಸಿಕ್ಕಿದ್ದು ಹಳೆಯದರ ಇಂಗ್ಲಿಷ್ ಡಬ್. ಅದರಲ್ಲಿ ಎಡ್‌ನ ತಮ್ಮ ಆಲ್‌ಗೆ ದನಿ ಕೊಟ್ಟ ಆರನ್ ಡಿಸ್ಮ್ಯೂಕ್ ಆಗ ನಿಜವಾಗಿಯೂ ಚಿಕ್ಕ ಹುಡುಗ. ಯೋಚಿಸಿ ನೋಡಿ, ಆಲ್ ಅಂದರೆ ದೇಹ ಕಳೆದುಕೊಂಡು ಆತ್ಮ ಮಾತ್ರ ಕೂತಿರುವ ಬರೀ ಖಾಲಿ ಕವಚ. ಮುಖ ಇಲ್ಲ, ಹುಬ್ಬು ಇಲ್ಲ, ತುಟಿಯೂ ಇಲ್ಲ. ತುಟಿಗೆ ಮಾತು ಕೂರಿಸುವ ತಲೆನೋವು ಡಬ್ಬಿಂಗ್ ಮಾಡುವವರಿಗೆ ತಪ್ಪಿತು, ಸರಿ. ಆದರೆ ನಟನೆಯೆಲ್ಲ ದನಿಯಲ್ಲೇ ಬರಬೇಕು. ಅಷ್ಟು ದೊಡ್ಡ ಕಬ್ಬಿಣದೊಳಗಿಂದ ಇನ್ನೂ ಒಡೆಯದ ಹುಡುಗನ ದನಿ ಬಂದಾಗ ಒಳಗೆ ಯಾರಿದ್ದಾರೆ ಅಂತ ಬೇರೆ ಹೇಳಬೇಕಿಲ್ಲ. ಬ್ರದರ್‌ಹುಡ್ ಹೊತ್ತಿಗೆ ಆರನ್ ದನಿ ಒಡೆದಿತ್ತು, ಮ್ಯಾಕ್ಸಿ ವೈಟ್‌ಹೆಡ್ ಬಂದರು. ಕೆಲಸ ಅಚ್ಚುಕಟ್ಟು, ಆದರೂ ನನ್ನ ಕಿವಿ ಹಳಬನನ್ನೇ ಹುಡುಕುತ್ತಿತ್ತು. ಜಪಾನಿಯಲ್ಲಿ ಈ ತೊಂದರೆ ಇಲ್ಲ. ಎಡ್‌ಗೆ ರೋಮಿ ಪಾರ್ಕ್, ಆಲ್‌ಗೆ ರಿಯೆ ಕುಗಿಮಿಯಾ, ಎರಡರಲ್ಲೂ ಅವರೇ. ಎಡ್‌ನ ಮೇಲಧಿಕಾರಿ ಮಸ್ಟ್ಯಾಂಗ್ ಸೇರಿ ಕೆಲವರ ದನಿ ಬದಲಾಯಿತು. ಮಸ್ಟ್ಯಾಂಗ್‌ಗೆ ಹಳೆಯದರಲ್ಲಿ ತೊರು ಒಕಾವಾ, ಹೊಸದರಲ್ಲಿ ಶಿನಿಚಿರೊ ಮಿಕಿ.

ಆದರೂ ನಾನು ಜಪಾನಿಯಲ್ಲೇ ನೋಡಿ ಅನ್ನುವುದು ಒಂದೇ ಒಂದು ಪದಕ್ಕಾಗಿ. ಆಲ್ ತನ್ನ ಅಣ್ಣನನ್ನು 'ನೀಸಾನ್' ಅನ್ನುತ್ತಾನೆ. ಇಂಗ್ಲಿಷಿನಲ್ಲಿ ಅದು 'ಬ್ರದರ್' ಆಗುತ್ತದೆ. ಇಂಗ್ಲಿಷ್ ಮನೆಗಳಲ್ಲಿ ಯಾರೂ ಅಣ್ಣನನ್ನು ಹಾಗೆ ಕೂಗುವುದಿಲ್ಲ, ಹಾಗಾಗಿ ಪ್ರತಿ ಸಲ ಚರ್ಚ್‌ನಲ್ಲಿ ಕರೆದ ಹಾಗೆ ಕೇಳಿಸುತ್ತದೆ. ನಮಗೆ ಅದು ಸೀದಾ 'ಅಣ್ಣ'. ನಮ್ಮ ಮನೆಯಲ್ಲೂ ತಮ್ಮ ನನ್ನ ಹೆಸರು ಹಿಡಿಯುವುದು ಜಗಳ ಆದಾಗ ಮಾತ್ರ. ನೀನಾ ಕೂಡ ಎಡ್‌ನನ್ನು 'ಓನೀಚಾನ್' ಅನ್ನುತ್ತಿರುತ್ತಾಳೆ, ಪಕ್ಕದ ಮನೆ ಮಗು ನಮ್ಮನ್ನು ಅಣ್ಣ ಅಂದ ಹಾಗೆ. ಟಕರ್ ಮಾಡಿದ ಆ ಪ್ರಾಣಿ ತೊದಲುತ್ತಾ ಅದೇ ಪದ ಹೇಳುತ್ತದೆ. ಎಡ್‌ಗೆ ಸತ್ಯ ಹೊಳೆಯುವುದು ಆ ಕರೆಯಿಂದಲೇ. ಸಬ್‌ಟೈಟಲ್ ಓದುವ ಮೊದಲೇ ಕನ್ನಡದ ಕಿವಿಗೂ ಹೊಳೆದುಬಿಡುತ್ತದೆ. ಇದನ್ನು ಯಾರಾದರೂ ಕನ್ನಡಕ್ಕೆ ಡಬ್ ಮಾಡಿದರೆ ಈ ದೃಶ್ಯಕ್ಕೆ ಏನೂ ಕಷ್ಟಪಡಬೇಕಿಲ್ಲ, ಸುಮ್ನೆ 'ಅಣ್ಣಾ' ಅಂದರೆ ಸಾಕು.

ಈಗ ನೀವು ಮಾಡಬೇಕಾದ್ದು ಇಷ್ಟು. 5ರಲ್ಲಿ ಇದ್ದೀರಲ್ಲ, ಅಲ್ಲೇ ನಿಲ್ಲಿಸಿ. 10ಕ್ಕಂತೂ ಹೋಗಲೇಬೇಡಿ. ಹಳೆಯದನ್ನು ಮೊದಲಿಂದ ಶುರು ಮಾಡಿ, ಜಪಾನಿಯಲ್ಲಿ. 51ಕ್ಕೂ ಪುರುಸೊತ್ತಿಲ್ಲ ಅಂದರೆ 25ರವರೆಗಾದರೂ ನೋಡಿ, ಆಮೇಲೆ ಬ್ರದರ್‌ಹುಡ್‌ಗೆ ವಾಪಸ್ ಬನ್ನಿ. ಯಾಕೆ 25 ಅಂತ ಹೇಳಲ್ಲ. ಮಗಳ ಫೋಟೋ ಹಿಡಿದು ಸಿಕ್ಕಸಿಕ್ಕವರಿಗೆಲ್ಲ ತೋರಿಸುವ ಹ್ಯೂಸ್ ಇದ್ದಾನಲ್ಲ, ಅವನು ಬಂದಾಗಲೆಲ್ಲ ಫೋನ್ ಪಕ್ಕಕ್ಕಿಟ್ಟು ನೋಡಿ.