‘ರಿಸ್ಟೋರ್ ಮಾಡಿದ’ 1965ರ ಡಿಲಕ್ಸ್ ರಿವರ್ಬ್: ಅಸಲಿತನ ಮತ್ತು ಬೆಲೆ

ಕ್ಯಾಲಿಫೋರ್ನಿಯಾದಲ್ಲಿ ಮಾರಾಟಕ್ಕಿರುವ 1965ರ ಫೆಂಡರ್ ಡಿಲಕ್ಸ್ ರಿವರ್ಬ್ ಗಿಟಾರ್ ಆಂಪನ್ನು (ಗಿಟಾರಿನ ಧ್ವನಿ ಹೆಚ್ಚಿಸುವ ಪೆಟ್ಟಿಗೆ) ‘ಪೂರ್ತಿ ರಿಸ್ಟೋರ್ ಮಾಡಿದ್ದು, ಎಲ್ಲವೂ ಒರಿಜಿನಲ್’ ಎಂದು ಮಾರುವವರು ಹೇಳುತ್ತಿದ್ದಾರೆ, ಕೇಳಿದ ಬೆಲೆ ಕೊಡಬಹುದೇ ಎಂಬುದು ನಿಮ್ಮ ಪ್ರಶ್ನೆ. ಅವರ ಎರಡು ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ. ಅರವತ್ತು ವರ್ಷದ ಟ್ಯೂಬ್ ಆಂಪನ್ನು, ಅಂದರೆ ಗಾಜಿನ ನಿರ್ವಾತ ಕೊಳವೆಗಳಿಂದ ಕೆಲಸ ಮಾಡುವ ಆಂಪನ್ನು, ರಿಸ್ಟೋರ್ ಮಾಡಿದ್ದಾರೆಂದರೆ ಏನನ್ನೋ ಕಿತ್ತು ಬೇರೇನನ್ನೋ ಹಾಕಿದ್ದಾರೆ. ಆದ್ದರಿಂದ ಏನನ್ನು ಕಿತ್ತರು, ಕಿತ್ತದ್ದು ಈಗ ಎಲ್ಲಿದೆ ಎಂದು ಮೊದಲು ಕೇಳಿ. ಹಳೆಯ ಬಿಡಿಭಾಗಗಳನ್ನು ಒಂದು ಚೀಲದಲ್ಲಿ ತುಂಬಿ, ರಿಪೇರಿ ಚೀಟಿಯೊಂದಿಗೆ ಆಂಪಿನ ಜೊತೆಗೇ ಇಟ್ಟಿರುವ ಮಾರಾಟಗಾರರನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ತಾರೀಖುಗಳು. ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದ ಟ್ಯೂಬ್ ಚಾರ್ಟ್‌ನ (ಯಾವ ಟ್ಯೂಬ್ ಎಲ್ಲಿ ಎಂದು ತೋರಿಸುವ ಕಾಗದ) ಮೇಲೆ ಎರಡು ಅಕ್ಷರಗಳ ಮುದ್ರೆ ಇರುತ್ತದೆ. ಮೊದಲನೆಯದು ವರ್ಷ, ‘ಎ’ ಎಂದರೆ 1951, ಎರಡನೆಯದು ತಿಂಗಳು. ಹಾಗಾಗಿ ‘ಓ ಸಿ’ ಎಂದರೆ 1965ರ ಮಾರ್ಚ್. ಷಾಸಿಯೊಳಗಿನ (ಸರ್ಕ್ಯೂಟ್ ಕೂರಿಸಿದ ಲೋಹದ ಚೌಕಟ್ಟು) ಪಾಟ್‌ಗಳ, ಅಂದರೆ ಗುಂಡಿ ತಿರುಗಿಸಿದಾಗ ಧ್ವನಿ ಬದಲಿಸುವ ಭಾಗಗಳ, ಬೆನ್ನಿನ ಮೇಲೆ 137 ಎಂದು ಶುರುವಾಗುವ ಸಂಖ್ಯೆ ಕಂಡರೆ ಅವು ಸಿಟಿಎಸ್ ಕಂಪನಿಯವು, ಅದರ ಮುಂದಿನ 6508 ಎಂದರೆ 1965ರ ಎಂಟನೆಯ ವಾರ. ಬಿಡಿಭಾಗ ಆಂಪಿಗಿಂತ ಕೆಲವು ತಿಂಗಳು ಹಳೆಯದಾಗಿರುವುದು ಸಹಜ, ಹೊಸದಾಗಿರುವುದು ಸಹಜವಲ್ಲ. ಮಾರ್ಚ್ ಮುದ್ರೆಯ ಪೆಟ್ಟಿಗೆಯಲ್ಲಿ ಮೂವತ್ತನೆಯ ವಾರದ ಪಾಟ್ ಸಿಕ್ಕರೆ ಒಂದೋ ಪಾಟ್ ಬದಲಾಗಿದೆ, ಇಲ್ಲವೇ ಷಾಸಿಯೇ ಬೇರೆ ಪೆಟ್ಟಿಗೆಯಿಂದ ಬಂದಿದೆ; ಚಾರ್ಟ್ ಇರುವುದು ಪೆಟ್ಟಿಗೆಯ ಮೇಲೆ, ಷಾಸಿಯ ಮೇಲಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ.

ಟ್ರಾನ್ಸ್‌ಫಾರ್ಮರ್‌ಗಳ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಷೂಮಾಕರ್ ಕಂಪನಿಯ 606 ಸಂಕೇತದ ಮುಂದೆ ವರ್ಷಕ್ಕೆ ಒಂದೇ ಅಂಕಿ ಇರುವುದರಿಂದ, ‘5’ ಎಂಬುದು 1965 ಆಗಬಹುದು, 1975 ಕೂಡ ಆಗಬಹುದು. ನಾನು ಸ್ಪೀಕರಿಗೆ ಸಂಕೇತ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಅಂಕಿಯನ್ನು ನೋಡಿ ತೃಪ್ತನಾಗಿ ಹಣ ಕೊಟ್ಟು, ಮನೆಗೆ ತಂದು ಷಾಸಿ ಬಿಚ್ಚಿದಾಗ, ಅದರ ತಂತಿಗಳಿಗೆ ತೇಪೆ ಹಾಕಿ ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಿದ್ದು ಕಂಡಿತು. ಕಾರ್ಖಾನೆಯ ಕೆಲಸ ಹಾಗಿರುವುದಿಲ್ಲ. ಆದ್ದರಿಂದ ಅಂಕಿಗಿಂತ ಬೆಸುಗೆಯನ್ನು ನೋಡಿ: ಹಳೆಯ ಬೆಸುಗೆ ಮಂಕಾಗಿ, ಪಕ್ಕದ ಬೆಸುಗೆಗಳಂತೆಯೇ ಇರುತ್ತದೆ, ಹೊಸದು ಹೊಳೆಯುತ್ತದೆ, ಸುತ್ತ ಬೆಸುಗೆಗೆ ಬಳಸುವ ಕಂದು ಫ್ಲಕ್ಸ್‌ನ ಕಲೆ ಉಳಿದಿರುತ್ತದೆ. ಆದರೆ ಷಾಸಿ ಬಿಚ್ಚುವ ಕೆಲಸವನ್ನು ತಿಳಿದವರ ಕೈಗೇ ಬಿಡಿ. ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಉಳಿದಿರಬಹುದು.

ಎಲ್ಲ ಬದಲಾವಣೆಯೂ ಬೆಲೆ ಇಳಿಸುವುದಿಲ್ಲ. ಷಾಸಿಯ ಮೇಲಿನ ತಗಡಿನ ಮುಚ್ಚಳದಡಿಯ ಫಿಲ್ಟರ್ ಕೆಪಾಸಿಟರ್‌ಗಳು ವರ್ಷಗಳೊಂದಿಗೆ ಒಣಗುತ್ತವೆ, ಅವು ಹಳೆಯವೇ ಇದ್ದರೆ ನಾನು ಇನ್ನೂ ಹಣ ಕಡಿಮೆ ಮಾಡಲು ಕೇಳುತ್ತೇನೆ. ಎರಡು ತಂತಿಯ ಹಳೆಯ ವಿದ್ಯುತ್ ಕೇಬಲ್ ತೆಗೆದು ಅರ್ಥ್ ಇರುವ ಮೂರು ತಂತಿಯದನ್ನು ಹಾಕಿದ್ದರೆ ಅದು ಜೀವ ಉಳಿಸುವ ಕೆಲಸ. ಟ್ಯೂಬ್‌ಗಳು ಸವೆಯುವ ವಸ್ತುಗಳು, ಅವುಗಳ ಮೇಲೆ ಅಸಲಿತನ ನಿಂತಿಲ್ಲ. ಬೆಲೆಯನ್ನು ನಿಜವಾಗಿ ಕೆಡಿಸುವುದು ಬದಲಾದ ಟ್ರಾನ್ಸ್‌ಫಾರ್ಮರ್, ಪೆಟ್ಟಿಗೆಗೆ ಹೊಸ ಟೋಲೆಕ್ಸ್ (ವಿನೈಲ್) ಹೊದಿಕೆ, ಫಲಕದಲ್ಲಿ ಯಾರೋ ಕೊರೆದ ಹೆಚ್ಚುವರಿ ರಂಧ್ರ, ಮತ್ತು ಚೆನ್ನಾಗಿದ್ದರೂ ಕಿತ್ತೆಸೆದ ನೀಲಿ ಬಣ್ಣದ ಸಿಗ್ನಲ್ ಕೆಪಾಸಿಟರ್‌ಗಳು. ಕೊನೆಯದನ್ನು ಕೆಲವರು ಹೆಮ್ಮೆಯಿಂದ ‘ರಿಸ್ಟೋರೇಷನ್’ ಎಂದು ಬರೆಯುತ್ತಾರೆ. ನನ್ನ ಮಟ್ಟಿಗೆ ಅದು ಹಾನಿ. ಸ್ಪೀಕರಿನ ಕೋನ್ ಬದಲಾಗಿರುವುದು ಬೆಲೆ ಇಳಿಸದ ಮತ್ತು ಕೆಡಿಸುವ ಬದಲಾವಣೆಗಳ ನಡುವಿನದು: ಧ್ವನಿ ಚೆನ್ನಾಗಿರಬಹುದು, ಸಂಗ್ರಾಹಕ ಮಾತ್ರ ಪೂರ್ತಿ ಬೆಲೆ ಕೊಡುವುದಿಲ್ಲ. ಸವೆದು ಮಾಸಿದ ಮೂಲ ಹೊದಿಕೆ ಫಳಫಳಿಸುವ ಹೊಸ ಹೊದಿಕೆಗಿಂತ ಮೇಲು.

ಬೆಲೆಗೆ, ಜಾಹೀರಾತಿನಲ್ಲಿ ಕೇಳುವ ಮೊತ್ತವನ್ನು ಬಿಟ್ಟು, ಇದೇ ವರ್ಷದ, ಇದೇ ಸ್ಥಿತಿಯ ಆಂಪ್‌ಗಳು ನಿಜವಾಗಿ ಮಾರಾಟವಾದ ಮೊತ್ತವನ್ನು ನೋಡಿ. ಸಂಗ್ರಹಕ್ಕಲ್ಲದೆ ನುಡಿಸುವುದಕ್ಕಾದರೆ, ಟ್ರಾನ್ಸ್‌ಫಾರ್ಮರ್ ಬದಲಾದ ಆಂಪ್ ಕಡಿಮೆ ಬೆಲೆಗೆ ಸಿಕ್ಕರೆ ಧಾರಾಳವಾಗಿ ಕೊಳ್ಳಿ.

ಬೆಂಗಳೂರಿಗೆ ತರುವೆ ಎಂದಿದ್ದೀರಿ. ಅದು ಅಮೆರಿಕದ 117 ವೋಲ್ಟ್‌ಗೆ ಮಾಡಿದ್ದು. ನಮ್ಮ 230 ವೋಲ್ಟ್‌ಗಾಗಿ ಒಳಗಿನ ಪವರ್ ಟ್ರಾನ್ಸ್‌ಫಾರ್ಮರನ್ನು ಬದಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಹೊರಗೊಂದು ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್) ಇಡಿ. 60 ಹರ್ಟ್ಸ್‌ಗೆ ಸುತ್ತಿದ ಆಂಪಿನ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಮೊದಲ ವಾರ ಅರ್ಧ ಗಂಟೆಗೊಮ್ಮೆ ಅದರ ಬಿಸಿ ಎಷ್ಟಾಗಿದೆ ಎಂದು ಹೊರಗಿನಿಂದಲೇ ಗಮನಿಸುತ್ತಿರಿ.